ಅಂಗೈ ತಿರುಗುವವರೆಗೆ

ಜಾಲಹಳ್ಳಿ, ಬೆಂಗಳೂರು
೧೮ ಜನವರಿ ೧೯೭೯

ಪೂಜ್ಯ ನೀಲಕ್ಕನವರಿಗೆ ನಿಮ್ಮ ತಮ್ಮನ ಹೆಂಡತಿ ಸರ್ವಮಂಗಳ ಮಾಡುವ ನಮಸ್ಕಾರಗಳು.

ಸಂಕ್ರಾಂತಿಯ ಮಾರನೆಯ ದಿನ ಅತ್ತೆಯವರ ಎಡಗೈಯ ಪ್ಲಾಸ್ಟರ್ ಬಿಚ್ಚಿದರು. ನೀರು ತುಂಬುವ ಹಬ್ಬದ ದಿನ ನಮ್ಮ ಕ್ವಾರ್ಟರ್ಸಿನ ನಲ್ಲಿಕಟ್ಟೆಯಲ್ಲಿ ಜಾರಿ ಬಿದ್ದು ಮುಂಗೈಯ ಎರಡೂ ಮೂಳೆ ಮುರಿದುಕೊಂಡವರು, ಅಂದಿನಿಂದ ತೋಳಿನವರೆಗೂ ಆ ಭಾರ ಹೊತ್ತಿದ್ದರು. ವಯಸ್ಸಾದವರ ಮೂಳೆ ನಿಧಾನ ಎಂದು ಡಾಕ್ಟರು ಬಿಚ್ಚುವ ದಿನವನ್ನು ಮುಂದೂಡುತ್ತಲೇ ಬಂದಿದ್ದರು. ಈಗ ಮೂಳೆ ಚೆನ್ನಾಗಿ ಕೂಡಿದೆ.

ಆದರೆ ಕೈ ಮೊದಲಿನ ಕೈಯಾಗಿ ಉಳಿದಿಲ್ಲ. ತೋಳಿನ ಮಾಂಸ ಕರಗಿದೆ, ಚರ್ಮ ಹೊಟ್ಟಿನಂತೆ ಉದುರುತ್ತದೆ. ಮೊಣಕೈ ಮಡಿಸಿದ ಹಾಗೇ ನಿಂತಿದೆ. ಪೂರ್ತಿ ನೀಳವಾಗುವುದೂ ಇಲ್ಲ, ಬಾಯಿವರೆಗೆ ಬರುವುದೂ ಇಲ್ಲ. ಎಲ್ಲಕ್ಕಿಂತ ಕಷ್ಟವೆಂದರೆ ಅಂಗೈ ತಿರುಗುವುದಿಲ್ಲ. ಹೆಬ್ಬೆರಳು ಸೂರು ನೋಡುತ್ತ, ಅಂಗೈ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಿದೆ. ಮೇಲೆ ಮಾಡಿ ಎಂದರೆ ಭುಜ ಏಳುತ್ತದೆಯೇ ಹೊರತು ಅಂಗೈ ಮೇಲಾಗುವುದಿಲ್ಲ.

ಅಷ್ಟು ದಿನ ಅಲುಗಾಡದೆ ಇದ್ದರೆ ಕೀಲಿನ ಸುತ್ತಲಿನ ಪೊರೆ ಮುದುಡಿ ಅಂಟಿಕೊಳ್ಳುತ್ತದಂತೆ. ಒದ್ದೆ ಗೋಣಿಚೀಲವನ್ನು ಮುದ್ದೆ ಮಾಡಿ ಬಿಸಿಲಿಗೆ ಬಿಟ್ಟರೆ ಸೆಟೆದುಕೊಳ್ಳುವುದಿಲ್ಲವೇ, ಹಾಗೆ. ವ್ಯಾಯಾಮ ಮಾಡಿಸಲು ಆಸ್ಪತ್ರೆಯಲ್ಲಿ ಫರೀದಾ ಎಂಬ ಫಿಸಿಯೋ ಇದ್ದಾರೆ, ಆರ್.ಟಿ. ನಗರದಿಂದ ಬಸ್ಸಿನಲ್ಲಿ ಬರುತ್ತಾರೆ. ಅತ್ತೆ ಮೊದಲ ದಿನ ಅವರ ಬುರ್ಖಾ ನೋಡಿ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟರು. "ಈಕಿ ಮುಟ್ಟಿದ್ರ ನಾ ಮನಿಗೆ ಹೋಗಿ ಮತ್ತ ಜಳಕ ಮಾಡಬೇಕು" ಅಂದರು. ಫರೀದಾ ನಕ್ಕುಬಿಟ್ಟರು. "ಮಾಡಿ ಅಮ್ಮಾ, ಬಿಸಿನೀರಲ್ಲೇ ಮಾಡಿ. ಕೀಲಿಗೆ ಅದೇ ಒಳ್ಳೇದು" ಅಂದರು.

ನಿಮ್ಮ ತಮ್ಮನವರಿಗೆ ಮೊದಲ ಶಿಫ್ಟು. ಬೆಳಗಾಗುವ ಮೊದಲೇ ಮನೆ ಬಿಡುತ್ತಾರೆ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಅತ್ತೆಯವರ ಊಟ, ಪೂಜೆ ಎಲ್ಲ ಕ್ರಮವಾಗಿ ನಡೆದಿದೆ. ಯೋಚನೆ ಬೇಡ.

ಸರ್ವಮಂಗಳ


ಗಜೇಂದ್ರಗಡ
೨೭ ಜನವರಿ ೧೯೭೯

ಚಿ. ಸೌ. ಸರ್ವಮಂಗಳಾಳಿಗೆ ನೀಲಕ್ಕನ ಆಶೀರ್ವಾದಗಳು.

ಕಾಗದ ಮುಟ್ಟಿತು. ಎರಡು ಸಲ ಓದಿದೆ. ಸಾಲೆಯಲ್ಲಿ ಪಾಠ ಹೇಳುತ್ತ ಹುಡುಗಿಯರ ನೆವಗಳನ್ನು ಕೇಳಿ ಕೇಳಿ ಕಿವಿ ಪಳಗಿದವಳು ನಾನು. ಬರೆದದ್ದಕ್ಕಿಂತ ಬರೆಯದೆ ಬಿಟ್ಟದ್ದರ ಮೇಲೆ ನನ್ನ ಕಣ್ಣು ಹೋಗುತ್ತದೆ.

ಹಬ್ಬದ ದಿನ ಅವ್ವ ನಲ್ಲಿಕಟ್ಟೆಗೆ ಹೋದದ್ದೇಕೆ? ಕೊಡ ಹೊರಲು ಮನೆಯಲ್ಲಿ ಸೊಸೆ ಇರಲಿಲ್ಲವೇ? ಇದನ್ನು ದೀಪಾವಳಿಯಲ್ಲೇ ಕೇಳಬೇಕೆಂದಿದ್ದೆ, ನುಂಗಿಕೊಂಡೆ. ಮೂಳೆ ಕೂಡಿದ ಮೇಲೆ ಕೈ ಯಾಕೆ ಆಡುವುದಿಲ್ಲ? ನಮ್ಮೂರಲ್ಲಿ ಎಲುಬು ಕಟ್ಟುವವನು ಬಿದಿರಿನ ದಬ್ಬೆ ಇಟ್ಟು ಕಟ್ಟಿದ ಕೈಗಳು ಇವತ್ತಿಗೂ ಹೊಲದಲ್ಲಿ ದುಡಿಯುತ್ತಿವೆ. ಬೆಂಗಳೂರಿನ ಸಿಮೆಂಟು ಎಂದರೆ ಏನೋ ಆಗಬೇಕು ಎಂದು ನನಗೆ ಅಂದೇ ಅನ್ನಿಸಿತ್ತು.

ಇನ್ನೊಂದು ಮಾತು. ಪೂಜೆ ಕ್ರಮವಾಗಿ ನಡೆದಿದೆ ಎಂದು ಬರೆದಿದ್ದೀ, ಹೇಗೆ ಎಂದು ಬರೆದಿಲ್ಲ. ನಮ್ಮ ಅವ್ವ ಬೆಳಿಗ್ಗೆ ಜಳಕ ಮಾಡಿ, ಕೊರಳ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈಯಲ್ಲಿಟ್ಟು ಪೂಜಿಸದೆ ಅನ್ನ ಮುಟ್ಟಿದವಳಲ್ಲ. ನಮ್ಮಪ್ಪ ಸತ್ತ ದಿನವೂ ತಪ್ಪಿಸಲಿಲ್ಲ. ಅಂಗೈ ಗೋಡೆ ನೋಡುತ್ತ ನಿಂತಿದೆ ಎಂದು ನೀನೇ ಬರೆದಿದ್ದೀ. ಹಾಗಿದ್ದರೆ ಲಿಂಗ ಎಲ್ಲಿ ನಿಲ್ಲುತ್ತದೆ? ನಿನ್ನ ತವರು ರಾಜಾನುಕುಂಟೆಯ ಕಡೆ ಲಿಂಗವನ್ನು ಗೂಟಕ್ಕೆ ನೇತುಹಾಕಿ ತಿಂಡಿ ತಿನ್ನುವವರಿದ್ದಾರೆ ಎಂದು ಕೇಳಿದ್ದೇನೆ. ನಮ್ಮಲ್ಲಿ ಅದು ನಡೆಯುವುದಿಲ್ಲ.

ಇದಕ್ಕೆ ಸರಿಯಾದ ಉತ್ತರ ಬರೆ. ಗುರುಪಾದನಿಗೂ ಎರಡು ಸಾಲು ಬರೆಯಲು ಹೇಳು. ಹೆಂಡತಿಯ ಕೈಬರಹದಲ್ಲೇ ತಮ್ಮನ ಕ್ಷೇಮ ಓದಿ ಸಾಕಾಗಿದೆ.

ನೀಲಕ್ಕ


ಜಾಲಹಳ್ಳಿ
೫ ಫೆಬ್ರವರಿ ೧೯೭೯

ಪೂಜ್ಯ ನೀಲಕ್ಕನವರಿಗೆ ನಮಸ್ಕಾರಗಳು.

ಹಬ್ಬದ ದಿನ ಕೊಡ ಹೊತ್ತವಳು ನಾನೇ. ಅತ್ತೆ ಕೊಡಕ್ಕೆ ಸುಣ್ಣದ ಗೆರೆ ಹಾಕಲು ಬಂದಿದ್ದರು. "ನಿಮ್ ಕಡಿಯಾವ್ರಿಗೆ ಗೆರಿ ನೆಟ್ಟಗ ಹಾಕಾಕ ಬರಂಗಿಲ್ಲ" ಎನ್ನುತ್ತಲೇ ಜಾರಿದರು. ನಿಮ್ಮ ಮನೆಯವರ ಬಾಯಿ ಬೀಳುವಾಗಲೂ ಸುಮ್ಮನಿರುವುದಿಲ್ಲ ಅಂತ ಅಂದುಕೊಂಡೆ, ಕ್ಷಮಿಸಿ.

ನಿಮ್ಮ ತಮ್ಮನವರ ಮುಂದೆ ಇನ್‌ಲ್ಯಾಂಡು, ಪೆನ್ನು ಎರಡೂ ಇಟ್ಟೆ. "ನೀನೇ ಬರಿ" ಎಂದು ಮಲಗಿದರು.

ಕೈಯ ವಿಷಯ ಹೇಳುತ್ತೇನೆ. ಆಸ್ಪತ್ರೆಯಲ್ಲಿ ಕರಗಿಸಿದ ಮೇಣದ ತೊಟ್ಟಿ ಇದೆ. ಅದರಲ್ಲಿ ಕೈ ಅದ್ದಿ ತೆಗೆಯುತ್ತಾರೆ. ಬೆಚ್ಚಗಾಗಿ ಕೀಲು ಸ್ವಲ್ಪ ಮೆತ್ತಗಾದ ಮೇಲೆ ವ್ಯಾಯಾಮ. ಮನೆಯಲ್ಲಿ ಮೇಣವಿಲ್ಲ, ಬಿಸಿನೀರೇ. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಮುಷ್ಟಿಯಲ್ಲಿ ಲಟ್ಟಣಿಗೆ ಹಿಡಿದು, ಒಮ್ಮೆ ಆಚೆ ಒಮ್ಮೆ ಈಚೆ ವಾಲಿಸಬೇಕು. ಒದ್ದೆ ಬಟ್ಟೆ ಹಿಂಡಬೇಕು. ಜೋಳದ ಹಿಟ್ಟು ನಾದಬೇಕು. ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಅತ್ತೆ ನನ್ನನ್ನೂ ಫರೀದಾರನ್ನೂ ಸೇರಿಸಿ ಬೈಯುತ್ತಾರೆ. ಬೈಗುಳ ಜೋರಾದ ದಿನ ಕೈ ಚೆನ್ನಾಗಿ ಆಡುತ್ತದೆ.

ಫರೀದಾ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿದ್ದಾರೆ. "ಕೈ ನಾವು ಎಳೀಬಾರ್ದು. ಅಮ್ಮಾನೇ ತಿರುಗಿಸ್ಬೇಕು. ನೀವು ಪಕ್ಕದಲ್ಲಿ ಕೂತ್ಕೊಂಡು ಬೈಸ್ಕೊಳ್ಳಿ, ಅಷ್ಟೇ ನಿಮ್ ಡ್ಯೂಟಿ." ನಾನು ಆ ಡ್ಯೂಟಿ ತಪ್ಪಿಸಿಲ್ಲ. ಬೆರಳುಗಳು ಮುಷ್ಟಿ ಕಟ್ಟುವಷ್ಟಾಗಿವೆ. ಮೊನ್ನೆ ತಲೆಗೂದಲಿನ ತುದಿಗೆ ಎಡಗೈ ಮುಟ್ಟಿತು. ಅಂಗೈ ಮಾತ್ರ ಹಟ ಹಿಡಿದಿದೆ.

ಪೂಜೆಯ ವಿಷಯ ಅತ್ತೆಯವರನ್ನೇ ಕೇಳಿ. ತಪ್ಪಿಲ್ಲ ಎಂದಷ್ಟೇ ನಾನು ಹೇಳಬಲ್ಲೆ. ಶೆಟ್ಟಿಹಳ್ಳಿಯ ಬಿಲ್ವದ ಮರದಿಂದ ಪತ್ರೆ ತರುವವಳು ನಾನೇ.

ನಮ್ಮ ರಾಜಾನುಕುಂಟೆಯಲ್ಲಿ ಗೂಟಕ್ಕೆ ಅಂಗಿ ನೇತುಹಾಕುತ್ತಾರೆ.

ಸರ್ವಮಂಗಳ


ಗಜೇಂದ್ರಗಡ
೧೪ ಫೆಬ್ರವರಿ ೧೯೭೯

ಸರ್ವಮಂಗಳಾಳಿಗೆ,

ಆಶೀರ್ವಾದ ಬರೆಯಲು ಈ ಸಲ ಕೈ ಬರುತ್ತಿಲ್ಲ.

ಗುರುಪಾದನ ಜೊತೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮೂರ ವೀರಬಸಪ್ಪ ತಂಗಿಯ ಮದುವೆಗೆ ಬಂದಿದ್ದ. ಅವ್ವ ಹೇಗಿದ್ದಾಳೆ ಎಂದೆ. ಬಿಡಿಸಿ ಬಿಡಿಸಿ ಕೇಳಿದ ಮೇಲೆ ಬಾಯಿಬಿಟ್ಟ. "ಅಕ್ಕಾರ, ಹೇಳಬಾರದು ಅನ್ಕೊಂಡಿದ್ದೆ. ಒಂದಿನಾ ಮುಂಜಾನೆ ಅವರ ಮನಿಗೆ ಹೋಗಿದ್ದೆ. ಬಾಗಲಾ ಮುಚ್ಚಿತ್ತು. ಒಳಗ ನಿಮ್ಮವ್ವಾರು ಯಪ್ಪಾ ಸತ್ತೆ ಅಂತ ಚೀರಾಕತ್ತಿದ್ರು. ಸದ್ದು ಅಡಗಿದ ಮ್ಯಾಲೆ ಕಿಡಕ್ಯಾಗ ಹಣಿಕಿ ಹಾಕಿದೆ. ಚಾಪಿ ಮ್ಯಾಲೆ ನಿಂಬಿಹಣ್ಣು ಉಳ್ಳ್ಯಾಡತಿದ್ವು. ಅವ್ವಾರ ಕೊಳ್ಳಾಗ ಕರಡಿಗಿ ಇದ್ದಿಲ್ಲ. ಅವರ ಲಿಂಗಾ ನಿಮ್ಮ ತಮ್ಮನ ಹೆಂಡ್ತಿ ಕೈಯಾಗಿತ್ತು. ನನ್ನ ನೋಡಿದ ಕೂಡ್ಲೇ ಕಿಡಕಿ ಹಾಕ್ಕೊಂಡ್ರು."

ಚೀರಾಟ. ನಿಂಬೆಹಣ್ಣು. ಅವ್ವನ ಮೈಮೇಲಿನ ಲಿಂಗ ನಿನ್ನ ಕೈಯಲ್ಲಿ. ಮುಚ್ಚಿದ ಬಾಗಿಲು. ಇವೆಲ್ಲವನ್ನೂ ಕೂಡಿಸಿದರೆ ಏನು ಬರುತ್ತದೆ ಎಂದು ಊರ ಚಿಕ್ಕ ಮಗುವಿಗೂ ಗೊತ್ತು. ಯಾವ ಮಂತ್ರವಾದಿ ಹೇಳಿಕೊಟ್ಟ ನಿನಗೆ? ಅಥವಾ ಕರಡಿಗೆಯ ಬೆಳ್ಳಿಯ ಮೇಲೆ ಕಣ್ಣೋ? ಬೆಳ್ಳಿ ಬೇಕಿದ್ದರೆ ಕೇಳಬೇಕಿತ್ತು, ಬಿಸಾಡುತ್ತಿದ್ದೆ.

ಒಬ್ಬರ ಲಿಂಗ ಇನ್ನೊಬ್ಬರ ಕೈಗೆ ಹೋಗುವುದೆಂದರೆ ಪ್ರಾಣವೇ ಹೋದ ಹಾಗೆ ಎಂದು ನನಗೆ ಕಲಿಸಿದವಳೇ ಅವ್ವ. ಅಂಥವಳ ಮೈಮೇಲಿಂದ ತೆಗೆದಿದ್ದೀ. ಮೇಲೆ ಕುದಿಯುವ ಮೇಣದಲ್ಲಿ ಕೈ ಅದ್ದಿಸುತ್ತೀ, ಮುರಿದ ಕೈಯಲ್ಲಿ ಹಿಟ್ಟು ನಾದಿಸುತ್ತೀ, ಅದಕ್ಕೆ ವ್ಯಾಯಾಮವೆಂದು ಹೆಸರಿಡುತ್ತೀ. ಬೆಂಕಿಯಿಲ್ಲದೆ ಹೊಗೆ ಆಡುವುದಿಲ್ಲ. ಶಿವರಾತ್ರಿ ಮುಗಿದ ಮೇಲೆ ನಾನೇ ಬಂದು ಅವ್ವನನ್ನು ಕರೆದುಕೊಂಡು ಹೋಗುತ್ತೇನೆ.

ನೀಲಕ್ಕ


ಜಾಲಹಳ್ಳಿ
೧೯ ಫೆಬ್ರವರಿ ೧೯೭೯

ನೀಲಕ್ಕನವರಿಗೆ,

ನಿಮ್ಮ ಕಾಗದ ಓದಿ ಮೊದಲು ಕೋಪ ಬಂತು, ಆಮೇಲೆ ಅಳು ಬಂತು, ಆಮೇಲೆ ಮತ್ತೆ ಕೋಪವೇ ಬಂತು. ಆ ಕೋಪದಲ್ಲೇ ಬರೆಯುತ್ತಿದ್ದೇನೆ.

ನಿಂಬೆಹಣ್ಣು ಮಾಟಕ್ಕಲ್ಲ. ಅಂಗೈ ಎಷ್ಟು ಮೇಲಾಗಿದೆ ಎಂದು ನೋಡಲು ಫರೀದಾ ಹೇಳಿಕೊಟ್ಟ ಉಪಾಯ. ಅಂಗೈ ತಿರುಗಿಸಿ ಮೇಲೆ ಹಣ್ಣು ಇಡುವುದು. ನಿಂತರೆ ಗೆದ್ದ ಹಾಗೆ. ಈವರೆಗೆ ಉರುಳಿ ಬೀಳುತ್ತಲೇ ಇದೆ. ಬಿದ್ದ ಹಣ್ಣು ಹಿಂಡಿ ಚಿತ್ರಾನ್ನ ಮಾಡಿದೆ, ನಿಮ್ಮ ತಮ್ಮನವರು ಎರಡು ಸಲ ಹಾಕಿಸಿಕೊಂಡು ತಿಂದರು. ಮಾಟ ಹತ್ತುವುದಿದ್ದರೆ ಅವರಿಗೇ ಹತ್ತಬೇಕಿತ್ತು. ಮೇಣ ಕುದಿಯುವುದಿಲ್ಲ, ಬೆಚ್ಚಗಿರುತ್ತದೆ. ಮೊದಲು ಫರೀದಾ ತಮ್ಮ ಕೈ ಅದ್ದಿ ತೋರಿಸಿದ ಮೇಲೆಯೇ ಅತ್ತೆ ಅದ್ದಿದ್ದು. ಚೀರಾಟ ನಿಜ. ಅಂಟಿಕೊಂಡ ಕೀಲು ಸುಮ್ಮನೆ ಬಿಡುವುದಿಲ್ಲ.

ಕರಡಿಗೆ ಅತ್ತೆಯವರ ಕೊರಳಲ್ಲೇ ಇದೆ. ಬಂದು ತೂಗಿ ನೋಡಿ.

ಲಿಂಗ ನನ್ನ ಕೈಯಲ್ಲಿದ್ದದ್ದು ನಿಜ. ವೀರಬಸಪ್ಪನವರು ಸುಳ್ಳು ಹೇಳಿಲ್ಲ. ಯಾಕೆ ಎಂಬುದಕ್ಕೆ ನನ್ನಲ್ಲಿ ಉತ್ತರವಿದೆ, ಕೊಡುವ ಹಕ್ಕು ಮಾತ್ರ ನನಗಿಲ್ಲ. ಆಣೆ ಇಟ್ಟಿದ್ದೇನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಿಮ್ಮ ಸಾಲೆಯಲ್ಲೂ ಹೇಳಿಕೊಡುತ್ತಿರಬೇಕು.

ನೀವು ನನ್ನನ್ನು ಕಳ್ಳಿ ಎನ್ನಿ, ಮಾಟಗಾತಿ ಎನ್ನಿ, ಊರೆಲ್ಲ ಹೇಳಿಕೊಂಡು ಬನ್ನಿ. ಆದರೆ ಅತ್ತೆಯವರನ್ನು ಈಗ ಕರೆದೊಯ್ಯಬೇಡಿ. ಅಂಗೈ ಈಗ ಹದಕ್ಕೆ ಬರುತ್ತಿದೆ. ಈಗ ಬಿಟ್ಟರೆ ಇದೇ ಮಟ್ಟದಲ್ಲಿ ಗಟ್ಟಿಯಾಗಿ ನಿಂತುಬಿಡುತ್ತದೆ, ಆಮೇಲೆ ಜನ್ಮವಿಡೀ ಹೀಗೆಯೇ ಎಂದು ಡಾಕ್ಟರು ಹೇಳಿದ್ದಾರೆ. ಅನುಮಾನ ನನ್ನ ಮೇಲಿರಲಿ, ಕೈ ಯುಗಾದಿಯವರೆಗಾದರೂ ಇಲ್ಲಿರಲಿ. ನಿಮ್ಮ ಕಾಲು ಹಿಡಿದುಕೊಂಡು ಕೇಳುತ್ತೇನೆ.

ಸರ್ವಮಂಗಳ


ಗಜೇಂದ್ರಗಡ
೨ ಮಾರ್ಚ್ ೧೯೭೯

ಗುರುಪಾದನ ಹೆಂಡತಿಗೆ,

ಅವ್ವ, ನಾನು ಸುರಕ್ಷಿತವಾಗಿ ಮುಟ್ಟಿದೆವು. ಬೆಳಿಗ್ಗೆ ಯಶವಂತಪುರದಲ್ಲಿ ಇಳಿದು, ಸಂಜೆಯ ಗಾಡಿಗೇ ಹೊರಟದ್ದಕ್ಕೆ ನಿನಗೆ ಸಮಾಧಾನವಾಗಿರಬೇಕು. ಒಂದು ರಾತ್ರಿ ಉಳಿಯೋಣವೇ ಎಂದು ನಾನು ಕೇಳಿದರೆ ಅವ್ವನೇ "ಬ್ಯಾಡ, ಇವತ್ತ ಹೋಗೂನು" ಎಂದು ಗಂಟು ಕಟ್ಟಿದಳು. ಅಷ್ಟು ಅವಸರವಾಗಿ ಆ ಮನೆ ಬಿಡಬೇಕಾದರೆ ಆಕೆ ಎಷ್ಟು ಕಂಡಿರಬೇಕು! ನೀನು ಬಾಗಿಲಲ್ಲಿ ನಿಂತು ಅಳುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಿತ್ತು.

ಎಲುಬು ಕಟ್ಟುವವನನ್ನು ಕರೆಸಿದೆ. ಎಣ್ಣೆ ಹಚ್ಚಿ ಒಂದೇ ಏಟಿಗೆ ಎಳೆದ. ಮೊಣಕೈ ಲಟಕ್ಕೆಂದು ಸದ್ದು ಮಾಡಿತು. ದಬ್ಬೆ ಇಟ್ಟು ಕಟ್ಟಿದ್ದಾನೆ, ಅಲುಗಿಸದೆ ಇಟ್ಟರೆ ತಾನೇ ಸರಿಯಾಗುತ್ತದಂತೆ.

ಇನ್ನು ಬರೆಯುವ ತ್ರಾಸ ತೆಗೆದುಕೊಳ್ಳಬೇಡ.

ನೀಲಕ್ಕ


ಜಾಲಹಳ್ಳಿ
೭ ಮಾರ್ಚ್ ೧೯೭೯

ನೀಲಕ್ಕನವರಿಗೆ,

ಬರೆಯಬೇಡ ಎಂದಿರಿ. ಬರೆಯುತ್ತಿದ್ದೇನೆ.

ನಿಮ್ಮ ಕಾರ್ಡನ್ನು ಆಸ್ಪತ್ರೆಗೆ ಹಿಡಿದುಕೊಂಡು ಹೋಗಿ ಫರೀದಾರಿಗೆ ಓದಿ ಹೇಳಿದೆ. "ಯಾ ಅಲ್ಲಾ, ಎಳೆದ್ರಾ?" ಎಂದು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಮೊಣಕೈಯನ್ನು ಜೋರಾಗಿ ಎಳೆದರೆ ಒಳಗೆ ರಕ್ತ ಕಟ್ಟುತ್ತದಂತೆ. ಕಟ್ಟಿದ ಜಾಗದಲ್ಲಿ ಬೇಡದ ಮೂಳೆ ಬೆಳೆದರೆ ಆಮೇಲೆ ಯಾವ ವ್ಯಾಯಾಮಕ್ಕೂ ಬಗ್ಗುವುದಿಲ್ಲವಂತೆ. ಊದಿದೆಯೇ, ಮುಟ್ಟಿದರೆ ಬಿಸಿ ಇದೆಯೇ ಎಂದು ಕೇಳಿದ್ದಾರೆ. ಇದ್ದರೆ ಎಣ್ಣೆ ತಿಕ್ಕಬೇಡಿ. ಗದಗಿನಲ್ಲಾದರೂ ಡಾಕ್ಟರಿಗೆ ತೋರಿಸಿ. ದಬ್ಬೆ ಬಿಚ್ಚಿ. ಅಲುಗಾಡದೆ ಇದ್ದದ್ದರಿಂದಲೇ ಬಂದ ರೋಗಕ್ಕೆ ಮತ್ತೆ ಅಲುಗಾಡದ ಹಾಗೆ ಕಟ್ಟಿದ್ದೀರಲ್ಲ, ದೇವರೇ!

ಇಷ್ಟನ್ನು ನಂಬದಿದ್ದರೆ ನನ್ನ ಹೆಸರು ಹೊಡೆದುಹಾಕಿ, ಯಾರೋ ದಾರಿಹೋಕರು ಹೇಳಿದರೆಂದು ಓದಿ.

ನಾನು ಬೆಳಿಗ್ಗೆ ಸ್ನಾನ ಮುಗಿಸಿ ಅಭ್ಯಾಸಬಲದಿಂದ ಎರಡು ಚಾಪೆ ಹಾಸುತ್ತೇನೆ. ಆಮೇಲೆ ಒಂದನ್ನು ಸುತ್ತಿಡುತ್ತೇನೆ. ಮನೆ ಬಣಬಣ ಎನ್ನುತ್ತದೆ. ವಿಮಾನ ತಲೆಯ ಮೇಲೆ ಹೋದಾಗಲೆಲ್ಲ "ಇದರ ಗಂಟಲಾ ಕಟ್ಲಿ" ಎಂದು ಬೈಯುವವರು ಯಾರೂ ಇಲ್ಲ.

ಸರ್ವಮಂಗಳ


ಗಜೇಂದ್ರಗಡ
೧೨ ಮಾರ್ಚ್ ೧೯೭೯

ಸರ್ವಮಂಗಳಾ,

ಮೊಣಕೈ ಊದಿದೆ. ಬಿಸಿಯೂ ಇದೆ. ನಿನ್ನ ಫರೀದಾಳಿಗೆ ಇದು ಮೊದಲೇ ಹೇಗೆ ಗೊತ್ತಾಯಿತು ಎಂದು ಯೋಚಿಸುತ್ತಿದ್ದೇನೆ. ಗದಗಿಗೆ ಹೋಗಿ ಬಂದೆವು. ಎಳೆಯಬಾರದಿತ್ತು ಎಂದು ಅಲ್ಲಿನ ಡಾಕ್ಟರೂ ಗದರಿದ. ಹಗಲು ದಬ್ಬೆ ಬಿಚ್ಚಿಡಿ, ರಾತ್ರಿ ಬೇಕಿದ್ದರೆ ಕಟ್ಟಿ ಎಂದ. ನಾನು ಇನ್ನೂ ಬಿಚ್ಚಿಲ್ಲ. ಯಾರನ್ನು ನಂಬಬೇಕು ಎಂದು ತಿಳಿಯದಾಗಿದೆ.

ಕೈಗಿಂತ ದೊಡ್ಡ ಚಿಂತೆ ಬೇರೆ ಇದೆ. ಬಂದಂದಿನಿಂದ ಅವ್ವ ಅನ್ನ ಮುಟ್ಟಿಲ್ಲ, ರೊಟ್ಟಿ ಮುಟ್ಟಿಲ್ಲ. ಒಂದಿಷ್ಟು ಹಾಲು, ಬಾಳೆಹಣ್ಣು, ಅಷ್ಟೇ. ಬೆಳಿಗ್ಗೆ ಜಳಕ ಮಾಡಿ ವಿಭೂತಿ ಹಚ್ಚಿ ಕೂರುತ್ತಾಳೆ. ಕರಡಿಗೆ ಮುಟ್ಟಿ ಮುಟ್ಟಿ ನೋಡುತ್ತಾಳೆ, ತೆರೆಯುವುದಿಲ್ಲ. "ಪೂಜಿ ಇಲ್ಲದಾಕಿಗೆ ಅನ್ನ ಯಾಕ" ಎನ್ನುತ್ತಾಳೆ. ಬಲಗೈಯಲ್ಲಾದರೂ ಇಟ್ಟುಕೊ ಎಂದರೆ ಹೊಡೆಯಲು ಬಂದಳು. ಕೆನ್ನೆ ಒಳಗೆ ಹೋಗಿವೆ.

ಹಾಗಾದರೆ ನಿನ್ನ ಮನೆಯಲ್ಲಿ ಮೂರು ನಾಲ್ಕು ತಿಂಗಳು ಏನು ಮಾಡಿದಳು? ಪೂಜೆಯಿಲ್ಲದೆಯೇ ಉಣಿಸಿದೆಯಾ? ಹೆದರಿಸಿ ನೇಮ ಮುರಿಸಿದೆಯಾ? ಅಲ್ಲಿ ಉಂಡವಳು ಇಲ್ಲಿ ಯಾಕೆ ಉಣ್ಣುವುದಿಲ್ಲ? ಅವ್ವನನ್ನು ಕೇಳಿದರೆ "ಮಂಗಳಾನ್ನ ಕೇಳು" ಎನ್ನುತ್ತಾಳೆ. ನಿನ್ನನ್ನು ಕೇಳಿದರೆ ಅತ್ತೆಯವರನ್ನು ಕೇಳಿ ಎನ್ನುತ್ತೀ. ನಿಮ್ಮಿಬ್ಬರ ನಡುವೆ ನಾನು ಯಾರು?

ನಿನ್ನೆ ನಿದ್ದೆಗಣ್ಣಿನಲ್ಲಿ ನನ್ನನ್ನೇ "ಮಂಗಳಾ" ಎಂದು ಕರೆದಳು. ನಿನ್ನ ಮಗಳು ನಾನು ಎಂದು ತಿದ್ದಿದೆ. ಆದರೂ ಬರೆಯುತ್ತಿದ್ದೇನೆ. ಅವ್ವ ಬದುಕಬೇಕು. ಏನಿದೆಯೋ ಹೇಳಿಬಿಡು.

ನೀಲಕ್ಕ


ಜಾಲಹಳ್ಳಿ
೧೬ ಮಾರ್ಚ್ ೧೯೭೯
(ಎಕ್ಸ್‌ಪ್ರೆಸ್ ಡೆಲಿವರಿ)

ನೀಲಕ್ಕ,

ಹೇಳುವುದಿಲ್ಲ ಎಂದು ಅತ್ತೆಯವರ ತಲೆ ಮುಟ್ಟಿ ಆಣೆ ಮಾಡಿದ್ದೇನೆ. ಅದನ್ನು ಮುರಿಯಲಾರೆ. ಅದಕ್ಕೇ ಏನನ್ನೂ ಹೇಳುತ್ತಿಲ್ಲ. ಒಂದು ಕೆಲಸ ಮಾತ್ರ ಮಾಡಿ.

ಇದು ಕೈಸೇರಿದ ಮಾರನೆಯ ಬೆಳಿಗ್ಗೆ ನೀವೂ ಸ್ನಾನ ಮಾಡಿ, ವಿಭೂತಿ ಹಚ್ಚಿ, ನಿಮ್ಮ ಪೂಜೆ ಮುಗಿಸಿಕೊಳ್ಳಿ. ಬಾಗಿಲು ಮುಚ್ಚಿ, ಕಿಟಕಿಯನ್ನೂ ಮುಚ್ಚಿ. ಅತ್ತೆಯವರ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತುಕೊಳ್ಳಿ. ನಿಮ್ಮ ಎಡ ಅಂಗೈಯನ್ನು ಅವರ ಎದೆಯ ಮಟ್ಟಕ್ಕೆ ಒಡ್ಡಿ. ಒಂದು ಮಾತೂ ಆಡಬೇಡಿ. ಅವರ ಮುಖ ನೋಡಬೇಡಿ, ನಾಚಿಕೊಳ್ಳುತ್ತಾರೆ. ಎಷ್ಟು ಹೊತ್ತಾದರೂ ಕೈ ಹಿಂದಕ್ಕೆ ತೆಗೆಯಬೇಡಿ.

ಸರ್ವಮಂಗಳ


ಗಜೇಂದ್ರಗಡ
೨೧ ಮಾರ್ಚ್ ೧೯೭೯

ಮಂಗಳಾ,

ಕೈ ಒಡ್ಡಿದೆ. ನಿನ್ನ ಮಾತು ಕೇಳಿ ಕೂತಿದ್ದೇನಲ್ಲ, ಇದರಲ್ಲಿ ಯಾವ ಕುತಂತ್ರವಿದೆಯೋ ಎಂದುಕೊಳ್ಳುತ್ತಲೇ ಒಡ್ಡಿದೆ. ಬಹಳ ಹೊತ್ತು ಏನೂ ಆಗಲಿಲ್ಲ. ನನ್ನ ತೋಳು ಸೋಲತೊಡಗಿತು.

ಆಮೇಲೆ ಕರಡಿಗೆಯ ಮುಚ್ಚಳ ತೆರೆದ ಸದ್ದಾಯಿತು. ನನ್ನ ಅಂಗೈಯಲ್ಲಿ ತಣ್ಣಗೆ ಏನೋ ಕೂತಿತು. ನೋಡಿದರೆ ಅವ್ವನ ಲಿಂಗ. ಅವ್ವ ಬಲಗೈಯಿಂದ ನೀರೆರೆದಳು. ನೀರು ನನ್ನ ಬೆರಳ ಸಂದಿಯಿಂದ ಇಳಿದು ಸೀರೆ ತೋಯಿಸಿತು. ನನಗೆ ಆಗ ಎಲ್ಲವೂ ಒಮ್ಮೆಲೇ ತಿಳಿಯಿತು. ನೀರು ತುಂಬುವ ಹಬ್ಬದಿಂದ ಶಿವರಾತ್ರಿಯವರೆಗೆ ನಿನ್ನ ಕೈ ಎಲ್ಲಿತ್ತು ಎಂದು ತಿಳಿಯಿತು. ವೀರಬಸಪ್ಪ ಕಂಡದ್ದು ಏನು ಎಂದು ತಿಳಿಯಿತು. ಸಂಜೆಯ ಗಾಡಿಗೇ ಹೊರಡಬೇಕೆಂದು ಅವ್ವ ಯಾಕೆ ಗಂಟು ಕಟ್ಟಿದಳು ಎಂಬುದೂ ತಿಳಿಯಿತು. ನಾನು ಉಳಿದಿದ್ದರೆ ಮುಂಜಾನೆ ಕಂಡುಬಿಡುತ್ತಿದ್ದೆ.

ಪೂಜೆ ಮುಗಿದ ಮೇಲೆ ಕೇಳಿದೆ, ನನಗೆ ಯಾಕೆ ಹೇಳಲಿಲ್ಲ ಎಂದು. "ನೀ ಸಾಲಿ ಅಕ್ಕೋರು. ತಪ್ಪಿಗೆ ಕೆಂಪು ಗೆರಿ ಎಳಿಯಾಕಿ. ಮಂದಿ ಕೈಯಾಗ ಲಿಂಗಾ ಕೊಟ್ಟೆ ಅಂತ ನಿನಗ ಹೆಂಗ ಹೇಳ್ಲಿ ನನ್ನವ್ವಾ" ಎಂದು ಅತ್ತಳು. ಮುರಿದ ಕೈಗೂ ಅತ್ತಿರಲಿಲ್ಲ ಆಕೆ. ನನಗೆ ಹೆದರಿ ಹಸಿದುಕೊಂಡಿದ್ದಳು, ಮಂಗಳಾ. ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಹೆದರಿ. ಇದನ್ನು ನಾನು ಯಾರಿಗೆ ಹೇಳಲಿ?

ಎರಡು ರೊಟ್ಟಿ ಉಂಡಳು. ಮೂರನೆಯದಕ್ಕೆ ಬೆಣ್ಣೆ ಕೇಳಿದಳು. ದಬ್ಬೆ ಬಿಚ್ಚಿ ಒಲೆಗೆ ಹಾಕಿದೆ.

ಈಗ ನೀನು ಬರೆ. ಫರೀದಾ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಬರೆ. ಬಾವು ಇಳಿಯುವವರೆಗೆ ಏನು ಮಾಡಬೇಕು, ಲಟ್ಟಣಿಗೆ ಯಾವಾಗ, ನೀರು ಎಷ್ಟು ಬಿಸಿ. ನಾನು ನಂಬುವುದಿಲ್ಲ ಎಂದು ನೀನು ಬಿಟ್ಟದ್ದನ್ನೂ ಬರೆ. ನಿಂಬೆಹಣ್ಣು ನಾಳೆಯೇ ತರಿಸುತ್ತೇನೆ. ವೀರಬಸಪ್ಪ ಮತ್ತೆ ಬಂದರೆ ಕಿಟಕಿಯಲ್ಲಿ ಇಣುಕುವವರ ಕಣ್ಣಿಗೆ ಅದನ್ನೇ ಹಿಂಡುತ್ತೇನೆ.

ನಿನ್ನ ನೀಲಕ್ಕ


ಗಜೇಂದ್ರಗಡ
೨೪ ಜೂನ್ ೧೯೭೯

ಚಿ. ಸೌ. ಮಂಗಳಾಳಿಗೆ, ನೀಲಕ್ಕ ಮನಸಾರೆ ಮಾಡುವ ಆಶೀರ್ವಾದಗಳು.

ನೀನು ಬರೆದ ಹಾಗೆಯೇ ಎಲ್ಲ ಮಾಡಿದೆ. ಎರಡು ಸಲ ನಿನ್ನ ಲೆಕ್ಕ ತಪ್ಪಿರಬೇಕೆಂದು ಅನುಮಾನಪಟ್ಟು ಗದಗಿನ ಡಾಕ್ಟರನನ್ನು ಕೇಳಿದೆ. ಅವನೂ ಅದನ್ನೇ ಹೇಳಿದ. ಮೊಣಕೈಯಲ್ಲಿ ಬೇಡದ ಮೂಳೆ ಬೆಳೆದಿಲ್ಲವೆಂದು ಫೋಟೋ ತೆಗೆದು ನೋಡಿ ಹೇಳಿದ್ದಾನೆ. ಆದರೆ ನಮ್ಮವನು ಎಳೆದದ್ದಕ್ಕೆ ಅದು ಇನ್ನು ಪೂರ್ತಿ ನೀಳವಾಗಲಿಕ್ಕಿಲ್ಲ. ಅದು ನನ್ನ ಪಾಲಿನದು, ನನ್ನ ಕಣ್ಣ ಮುಂದೆಯೇ ಇರುತ್ತದೆ.

ಪಕ್ಕದಲ್ಲಿ ಕೂತು ಬೈಸಿಕೊಳ್ಳುವುದೇ ಡ್ಯೂಟಿ ಎಂದು ಫರೀದಾ ಹೇಳಿದ್ದು ನಿಜ. ಸಾಲೆಯಲ್ಲಿ ಯಾರೂ ನನ್ನನ್ನು ಹೀಗೆ ಬೈದಿರಲಿಲ್ಲ. ಮೊದಮೊದಲು ತಿರುಗಿ ಬೈದೆ, ಆಮೇಲೆ ಅಂಗೈ ಒಂದು ನೂಲಿನಷ್ಟು ಹೆಚ್ಚು ತಿರುಗಿದ್ದು ಕಂಡು ಸುಮ್ಮನಾದೆ. ಯುಗಾದಿ ಕಳೆದು ಬಹಳ ದಿನದ ಮೇಲೆ ನಿಂಬೆಹಣ್ಣು ನಿಂತಿತು. ಅವ್ವ ಅದನ್ನು ಕೆಳಗಿಳಿಸಲು ಒಪ್ಪದೆ ಓಣಿಯವರನ್ನೆಲ್ಲ ಕರೆದು ತೋರಿಸಿದಳು. ಮಾಟವೆಂದು ಯಾರೂ ಅನ್ನಲಿಲ್ಲ. ಅನ್ನುವವಳು ಈ ಊರಿನಲ್ಲಿ ನಾನೊಬ್ಬಳೇ ಇದ್ದೆ ಎಂದು ಕಾಣುತ್ತದೆ.

ನಾನು ಹಿಡಿದ ಕೈಯ ಮೇಲೆ ಅವ್ವನಿಗೆ ದಿನವೂ ಒಂದು ದೂರು. "ನಿನ್ನ ಕೈ ನಡಗತೈತಿ. ಮಂಗಳಾನ ಕೈ ಕಲ್ಲಿನಂಗ ನಿಲ್ಲತಿತ್ತು" ಎನ್ನುತ್ತಾಳೆ. ಕೇಳಿ ಕೇಳಿ ಸಾಕಾಗಿದೆ. ಶ್ರಾವಣಕ್ಕೆ ಗುರುಪಾದನಿಗೆ ರಜೆ ಹಾಕಿಸಿ ಬಾ. ಬರುವುದಿಲ್ಲ ಎಂದರೆ ಇನ್ನೂ ಕೋಪವಿದೆ ಎಂದೇ ತಿಳಿಯುತ್ತೇನೆ, ಇದ್ದರೆ ತಪ್ಪೇನೂ ಇಲ್ಲ. ಬಂದು ಎದುರಿಗೇ ಬೈದುಬಿಡು. ಈಗ ಅಭ್ಯಾಸವಾಗಿದೆ.

ಕಾಗದ ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ಇವತ್ತು ಬೆಳಿಗ್ಗೆ ಎಂದಿನಂತೆ ಕೈ ಒಡ್ಡಿ ಕೂತಿದ್ದೆ. ಅವ್ವ ಕರಡಿಗೆ ತೆರೆದಳು. ಲಿಂಗವನ್ನು ನನ್ನ ಕೈಯಲ್ಲಿಡಲಿಲ್ಲ. ತನ್ನ ಎಡ ಅಂಗೈಯನ್ನು ನನ್ನ ಅಂಗೈಯ ಮೇಲೆ ತಂದು, ಹಲ್ಲು ಕಚ್ಚಿ ತಿರುಗಿಸಿ, ಅದರಲ್ಲಿಟ್ಟಳು. ಅಂಗೈ ಪೂರ್ತಿ ಸಮವಿಲ್ಲ, ಹೆಬ್ಬೆರಳ ಕಡೆ ಇನ್ನೂ ಎತ್ತರವೇ ಇದೆ. ಆದರೂ ಲಿಂಗ ನಿಂತಿತು. ನೀರೆರೆದಳು, ವಿಭೂತಿ ಹಚ್ಚಿದಳು, ಪತ್ರೆ ಏರಿಸಿದಳು. ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ.

ಇನ್ನು ನನ್ನ ಕೆಲಸ ಮುಗಿಯಿತೆಂದು ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡೆ.

ಅವ್ವ ಕಣ್ಣು ತೆರೆಯದೆಯೇ ಗದರಿದಳು. "ಕೈ ಯಾಕ ತಗದಿ? ಕೆಳಗ ಇರ್ಲಿ."

ನಿನ್ನ ನೀಲಕ್ಕ